ಖಾಲಿ ಖೋಲಿ

ಇಳಕಲ್ ಸರಕಾರಿ ದವಾಖಾನೆಯ
ಎಕ್ಸ್‌ರೇ ಖೋಲಿಯಲ್ಲಿ ದಿನಕ್ಕೆ ನಲವತ್ತು ಸಲ
ನಾನು ಆಡುವುದು ಎರಡೇ ಮಾತು:
ಉಸುರ ಹಿಡೀರಿ.
ಬಿಡ್ರಿ.

ಎರಡರ ನಡುವೆ ಮಂದಿ
ಎದೆಯ ಒಳಮನೆ ತೆರೆದು ತೋರಿಸುತ್ತಾರೆ.
ನಾನು ಡಾಕ್ಟರಲ್ಲ.
ಕಂಡದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

ದಾವಲಸಾಬ ನದಾಫ ಮೊದಲ ಸಲ ಬಂದು ಅಂಗಿ ಕಳಚಿದಾಗ
ಕಿಸೆಯಿಂದ ಉದುರಿದ್ದು ಕೆಂಪು ಕಲ್ಲಿನ ಹುಡಿ.
ನಾಚಿ, ಕಾಲಲ್ಲೇ ಒರೆಸಿದ.
"ಪಾಲಿಶ್ ಮಷೀನ್ ಮ್ಯಾಲ ಇರ್ತೀನ್ರಿ ಅಕ್ಕಾರ,
ಹನ್ನೊಂದ ವರ್ಷ ಆತು.
ನೀರ ಬಂದ್ ಆದ್ರೂ ಕೆಲಸ ಬಂದ್ ಆಗಂಗಿಲ್ಲ."

ಅವನ ಅಪ್ಪ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ
ಅರಳೆ ಹಿಂಜುತ್ತಿದ್ದ.
ನಮ್ಮ ಮನೆಯ ಗಾದಿಯೂ ಅವನ ಕೈಯದೇ.
ಮಗ ಮೆತ್ತನೆಯದು ಬಿಟ್ಟು ಗಟ್ಟಿಯದು ಹಿಡಿದ.
ಎರಡರ ಧೂಳಿಗೂ ಗೊತ್ತಿರುವುದು ಒಂದೇ ದಾರಿ.

ಟೀಬಿ. ಆರು ತಿಂಗಳು ಗುಳಿಗೆ. ಒಂದು ದಿನ ತಪ್ಪಿಸಲಿಲ್ಲ;
ಹೆಂಡತಿ ಮಾಬೂಬಿ ಕ್ಯಾಲೆಂಡರಿನ ಮೇಲೆ
ಗೋರಂಟಿ ಕಡ್ಡಿಯಿಂದ ಚುಕ್ಕಿ ಇಡುತ್ತಿದ್ದಳಂತೆ.
ಕಫದಲ್ಲಿ ಹುಳ ಇಲ್ಲ ಅಂತ ಚೀಟಿ ಬಂದ ದಿನ
ನಮಗೆಲ್ಲ ಪೇಡೆ ತಂದ.
ತಿನ್ನುತ್ತ ಫಿಲ್ಮು ನೋಡಿದೆ:
ಎಡಕ್ಕೆ, ಮೇಲೆ, ಕೊರಳೆಲುಬಿನ ಅಡಿಯಲ್ಲಿ
ಲಿಂಬಿಹಣ್ಣಿನಷ್ಟು ಒಂದು ಖಾಲಿ ಖೋಲಿ.
ಬಾಡಿಗೆಯವ ಬಿಟ್ಟು ಹೋಗಿದ್ದ,
ಬಾಗಿಲು ಹಾಕಿಕೊಳ್ಳದೆ.

ಆಮೇಲಿನದು ಯಾವ ಕಾಗದದಲ್ಲೂ ಒಟ್ಟಿಗೆ ಬರೆದಿಲ್ಲ.
ಸಕ್ಕರೆ ಕಾಯಿಲೆಯ ಕಾರ್ಡು ಬೇರೆ ಕೌಂಟರಿನದು.
ನಲವತ್ತೆರಡು ಕಿಲೋ ಎಂಬ ಚೀಟಿ ಆಶಾ ಬಾಯಿಯ ಚೀಲದಲ್ಲಿ.
ಬೀಡಿಯ ಲೆಕ್ಕ ಚಾದಂಗಡಿಯ ಉದ್ದರಿ ಪುಸ್ತಕದಲ್ಲಿ,
ಮತ್ತೆ ಅದೇ ಮಷೀನಿಗೆ ಹೋದದ್ದು ಫ್ಯಾಕ್ಟರಿಯ ಹಾಜರಿಯಲ್ಲಿ.
ದಮ್ಮಿಗೆ ಅಂತ ಓಣಿಯ ಡಾಕ್ಟರು ಕೊಟ್ಟ
ಸಣ್ಣ ಬಿಳಿ ಗುಳಿಗೆಗಂತೂ ಚೀಟಿಯೇ ಇಲ್ಲ.
ಅದು ಹೊಟ್ಟೆಗೆ ಹಸಿವು ತಂದಿತು, ಮುಖಕ್ಕೆ ಹುಣ್ಣಿಮೆ.
ಚೊಲೊ ಆಗಾಕತ್ತಾನ, ಅಂದರು ಕಂಡವರು.

ಆ ಚಳಿಗಾಲ ಮಗಳು ಬಾಣಂತನಕ್ಕೆ ಬಂದಳು.
ಅಟ್ಟದಿಂದ ಅಪ್ಪನ ಅರಳೆ ಮೂಟೆ ಇಳಿಸಿ
ಕೂಸಿಗೆ ಗಾದಿ ಮಾಡಲು ಕುಳಿತ ದಾವಲಸಾಬ.
ಮಳೆಯಲ್ಲಿ ನೆನೆದ ಮೂಟೆ. ಬೂಷ್ಟು ಹಿಡಿದಿತ್ತು.
ಕೆಮ್ಮುತ್ತ ಹಿಂಜಿದ, ಹಿಂಜುತ್ತ ಹಾಡಿದ,
ಮಾಬೂಬಿ ಹೇಳಿದ್ದು.

ಅದರಿಂದಲೇ ಅಂತ ಯಾರೂ ಹೇಳಲಾರರು.
ಬೂಷ್ಟು ಎಲ್ಲಿಲ್ಲ? ಗೋಡೆಯಲ್ಲಿ, ಕಣಕಿಯಲ್ಲಿ, ನಿನ್ನೆಯ ರೊಟ್ಟಿಯಲ್ಲಿ.
ನಾನೂ ಅದನ್ನೇ ಉಸಿರಾಡುತ್ತೇನೆ.
ನನ್ನಲ್ಲಿ ಖಾಲಿ ಖೋಲಿ ಇಲ್ಲ,
ಅಷ್ಟೇ.

ಈ ಸಲ ಬಂದಾಗ ಮುಷ್ಟಿಯಲ್ಲಿ ಕರ್ಚೀಫು,
ಕರ್ಚೀಫಿನಲ್ಲಿ ಕೆಂಪು,
ಕಲ್ಲಿನದಲ್ಲ.

ಉಸುರ ಹಿಡೀರಿ, ಅಂದೆ.
ಹಿಡಿಯಲಾಗಲಿಲ್ಲ. ಮತ್ತೆ. ಆಗಲಿಲ್ಲ.
ಮೂರನೆಯದಕ್ಕೆ ಸಿಕ್ಕಿತು ಚಿತ್ರ:
ಖೋಲಿಯೊಳಗೊಂದು ಉಂಡೆ, ಹಿಂಜಿ ಸುತ್ತಿದ ಅರಳೆಯಂಥದು,
ಅದರ ನೆತ್ತಿಯ ಮೇಲೆ ಬಾಗಿದ ಗಾಳಿಯ ಎಳೆ.
ನನ್ನ ಹೆಗಲ ಮೇಲಿಂದ ಇಣುಕಿದ ಅವನು:
"ಈದ್ ಚಾಂದ್ ಕಂಡಂಗ ಕಾಣ್ತದಲ್ರಿ ಅಕ್ಕಾರ.
ಕರೇದು, ಅಷ್ಟ."

ಮಗ್ಗಲಾಗ್ರಿ, ಅಂದೆ. ಹೊರಳಿದ.
ಒಳಗಿನ ಉಂಡೆಯೂ ಹೊರಳಿತು,
ಹೊಸ ಗಾದಿಯಲ್ಲಿ ಕೂಸು ಹೊರಳಿದ ಹಾಗೆ.

ಬಾಗಲಕೋಟೆಗೆ ಕಳಿಸಿ ಅಂದರು ಡಾಕ್ಟರು.
ನಾನು ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದೆ,
ಬರೆಯಬಾರದು, ನಿಯಮವಿದೆ:
ಕಲ್ಲು. ಬೀಡಿ. ಸಕ್ಕರೆ. ೪೨.
ಹಳೇ ಟೀಬಿ. ಬಿಳಿ ಗುಳಿಗೆ, ಎಷ್ಟು ತಿಂಗಳು ಕೇಳಿ.
ಅರಳೆಯದೂ ಬರೆದೆ. ಆಮೇಲೆ ಅಳಿಸಿದೆ.

ಬಾಗಿಲಲ್ಲಿ ಮಾಬೂಬಿ ನಿಂತಿದ್ದಳು.
"ಮತ್ತ ಟೀಬಿ ಏನ್ರಿ?"
ಅಲ್ಲ, ಅಂದುಬಿಟ್ಟೆ.
ಅವಳು ಸೆರಗನ್ನು ಕಣ್ಣಿಗೊತ್ತಿಕೊಂಡು ನಕ್ಕಳು,
ಪೇಡೆ ತಂದ ದಿನದ ಹಾಗೇ.

ಬಿಡ್ರಿ, ಅಂತ ನನಗೆ ಹೇಳುವವರು
ಆ ಖೋಲಿಯಲ್ಲಿ ಇರಲಿಲ್ಲ.